ಬರ್ನೀಸ್ ಕೂರಿಸಿದ ಕೇಪು, ಹಾಲ್ವರ್ ಬಿಡಿಸಿದ ಕೇಪು

ಆ ವರ್ಷ ನನ್ನ ಅಂಗಡಿಯಲ್ಲಿ ಜನ ಅತಿ ಹೆಚ್ಚು ನೋಡಿದ ಸರಕೆಂದರೆ ಒಂದು ಖಾಲಿ ಕಪಾಟು. ತೋಟೆಯ ಬುಡದಲ್ಲಿ ಕೂತು, ಕೋವಿಯ ಸೂಜಿ ಬಡಿದಾಗ ಮದ್ದಿಗೆ ಕಿಡಿ ಕೊಡುವ, ಅಂಗಿಯ ಗುಂಡಿಗಿಂತ ಚಿಕ್ಕದಾದ ಕೇಪು ಮೊಂಟಾನಾದಲ್ಲಿ ಎಲ್ಲೂ ಸಿಗುತ್ತಿರಲಿಲ್ಲ. ನಮ್ಮೂರು ಡ್ರೈ ಫೋರ್ಕಿನ ಗಂಡಸರು ಬೆಳಗ್ಗೆ ಬಂದು, ಕಪಾಟಿನ ಮುಂದೆ ಟೋಪಿ ತೆಗೆದು ನಿಂತು, ಸತ್ತವರ ಮುಖ ನೋಡಿದ ಹಾಗೆ ಅದನ್ನು ನೋಡಿ, ನನ್ನ ಖರ್ಚಿನ ಕಾಫಿ ಕುಡಿದು ಹೋಗುತ್ತಿದ್ದರು. ನಾನು ಮಾರುವುದು ಮೇವು, ಮೊಳೆ, ಬೇಲಿತಂತಿ ಮತ್ತು ಬೇಟೆಯ ಸಾಮಾನು. ನಾನು ಗುರಿ ಹಿಡಿದರೆ ಇಲ್ಲಿನ ದೊಡ್ಡ ಕಾಡುಜಿಂಕೆಗಳಾದ ಎಲ್ಕ್‌ಗಳು ಕುತೂಹಲದಿಂದ ನಿಂತು ನೋಡುತ್ತವೆ ಎಂದು ಊರಲ್ಲಿ ಒಂದು ಹಾಸ್ಯವಿದೆ. ಅದು ಹಾಸ್ಯವಲ್ಲ.

ಆ ಕಪಾಟಿನ ಮುಂದೆ ಒಂದು ದಿನ ಹಾಲ್ವರ್ ಟ್ವೀಟ್ ಬಂದು ನಿಂತ. ಜಿಲ್ಲೆಯ ಮಣ್ಣುರಸ್ತೆಗಳನ್ನು ಯಂತ್ರದಲ್ಲಿ ಸಮ ಮಾಡುತ್ತ ಜೀವಮಾನ ಕಳೆದು ನಿವೃತ್ತನಾದವನು. ನಾರ್ವೆಯಿಂದ ಬಂದ ವಂಶ. ಬಾಯಿ ತೆರೆಯುವುದು ಊಟಕ್ಕೆ ಮತ್ತು ಚರ್ಚಿನ ಹಾಡಿಗೆ ಮಾತ್ರ.

"ವೆಂಡೆಲ್, ಕೇಪು ಇದೆಯಾ? ದೊಡ್ಡ ಕೋವೀದು."

"ನಿಮಗ್ಯಾಕೆ ಹಾಲ್ವರ್? ಕೋವಿ ಮೂಲೆಗಿಟ್ಟು ಆಗಲೇ ಎಷ್ಟು ಕಾಲ ಆಯ್ತು!"

"ನನಗಲ್ಲ. ಬರ್ನೀಸ್‌ಗೆ."

ಒಲೆಯ ಪಕ್ಕ ಕೂತಿದ್ದ ಲೈಲ್ ಬಾಯಿ ಹಾಕಿದ. ಕೇಳದಿದ್ದರೂ ಸಲಹೆ ಕೊಡುವುದೇ ಅವನ ಕಸುಬು. "ಬರ್ನೀಸ್‌ಗಾ? ಹಾಗಾದ್ರೆ ಬಚ್ಚಿಟ್ಟಿರೋದನ್ನ ತೆಗೆಯೋ ವೆಂಡೆಲ್! ಅವಳಿಗೆ ಇಲ್ಲ ಅಂದ್ರೆ ಎಲ್ಕ್‌ಗಳೆಲ್ಲ ಸೇರಿ ನಿನಗೆ ಸನ್ಮಾನ ಮಾಡ್ತಾವೆ."

ಎಲ್ಲರೂ ನಕ್ಕರು. ಹಾಲ್ವರ್ ನಗಲಿಲ್ಲ. ಖಾಲಿ ಕಪಾಟನ್ನು ಇನ್ನೊಮ್ಮೆ ನೋಡಿ, ಕಾಫಿಯನ್ನೂ ಕುಡಿಯದೆ ಹೋದ. ಆಗಲೇ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಪುಕ್ಕಟೆ ಕಾಫಿಯನ್ನು ಬಿಟ್ಟು ಹೋಗುವವರ ಮನೆಯಲ್ಲಿ ನೆಮ್ಮದಿ ಇರುವುದಿಲ್ಲ.

ಬರ್ನೀಸ್ ಅವನ ಹೆಂಡತಿ. ಶಾಲೆಯ ಅಡುಗೆಮನೆಯಲ್ಲಿ ಊರಿನ ಎರಡು ತಲೆಮಾರಿಗೆ ಬಡಿಸಿದವಳು. ಹಿಟ್ಟನ್ನು ಕೈಯಂದಾಜಿನಲ್ಲಿ ಹಾಕುತ್ತಿದ್ದಳು, ಮದ್ದನ್ನು ತಕ್ಕಡಿಯಲ್ಲಿ ತೂಗುತ್ತಿದ್ದಳು. "ಇದನ್ನ ಅದಲು ಬದಲು ಮಾಡಿದ್ರೆ ಬಿಸ್ಕತ್ತು ಸಿಡಿಯತ್ತೆ, ಕೋವಿ ಉಬ್ಬತ್ತೆ," ಎಂದು ನಮಗೆಲ್ಲ ಹೇಳುತ್ತಿದ್ದಳು. ಹಾರಿಸಿದ ಖಾಲಿ ತೋಟೆಗೆ ಹೊಸ ಕೇಪು, ಮದ್ದು, ಗುಂಡು ತುಂಬುವುದರಲ್ಲಿ ಅವಳನ್ನು ಮೀರಿಸಿದವರು ಈ ಕಣಿವೆಯಲ್ಲಿ ಇರಲಿಲ್ಲ.

ನಮ್ಮಲ್ಲಿ ಒಂದು ಕಟ್ಟಳೆ ಇದೆ: ಇನ್ನೊಬ್ಬರು ತುಂಬಿದ ತೋಟೆಯನ್ನು ನಿನ್ನ ಕೋವಿಗೆ ಹಾಕಬೇಡ. ಹಲ್ಲುಜ್ಜುವ ಬ್ರಷ್ಷನ್ನು ಬೇಕಾದರೆ ಎರವಲು ತರಬಹುದು. ತೋಟೆ ತುಂಬುತ್ತಿದ್ದವನು ಸತ್ತರೆ, ಮಣ್ಣು ಮಾಡಿ ಬಂದವರು ಅವನ ಬೆಂಚಿನ ಮುಂದೆ ಕೂತು, ಅವನು ತುಂಬಿದ್ದನ್ನೆಲ್ಲ ಒಂದೊಂದಾಗಿ ಕಳಚಿಡುತ್ತಾರೆ. ಎಷ್ಟೇ ಒಳ್ಳೆಯವನಾದರೂ ಸರಿ. ಹಾಲ್ವರ್ ಮಾತ್ರ ಮದುವೆಯಾದಂದಿನಿಂದ ಹೆಂಡತಿ ತುಂಬಿದ್ದನ್ನೇ ಹಾರಿಸಿದವನು. ತಾನಾಗಿ ಒಂದನ್ನೂ ತುಂಬಿದವನಲ್ಲ. ಕಣ್ಣಿನ ಪಕ್ಕದಲ್ಲೇ ಸಿಡಿಯುವ ವಸ್ತುವನ್ನು ಒಮ್ಮೆಯೂ ತೂಗಿ ನೋಡದೆ ಹೆಂಡತಿಯ ಕೈಯಿಂದ ತೆಗೆದುಕೊಂಡ ಗಂಡಸು. ನನ್ನ ಹೆಂಡತಿ ಮಾಡಿದ ಸೂಪನ್ನು ಕೂಡ ನಾನು ಮೊದಲು ಮೂಸುತ್ತೇನೆ.

ಮಾರನೆಯ ದಿನ ನಾನು ಅವರ ಮನೆಗೆ ಹೋದೆ. ಬರ್ನೀಸ್ ಮಲಗಿದ್ದಳು. ಹಾಲ್ವರ್ ನನ್ನನ್ನು ಗ್ಯಾರೇಜಿಗೆ ಕರೆದೊಯ್ದು, ಬಾಗಿಲು ಎಳೆದು, ನಡೆದದ್ದನ್ನು ಹೇಳಿದ.

ಬೆಂಚಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ ಇರಬೇಕು. ಇದು ಬರ್ನೀಸಳೇ ಊರಿಗೆಲ್ಲ ಹೇಳಿಕೊಟ್ಟ ಪಾಠ. ವಸಂತದಲ್ಲಿ ಒಂದು ದಿನ ಹಾಲ್ವರ್ ಅವಳಿಗೆ ಕಾಫಿ ಒಯ್ದಾಗ ಬೆಂಚಿನ ಮೇಲೆ ಎರಡು ಡಬ್ಬಿ ತೆರೆದಿದ್ದವು, ಒಂದು ಕೋವಿಯದು, ಒಂದು ಪಿಸ್ತೂಲಿನದು. ಅವಳು ಹಾಡಿಕೊಳ್ಳುತ್ತ ತುಂಬುತ್ತಿದ್ದಳು. ಅವನು ಕಾಫಿ ಇಟ್ಟು ಹೊರಬಂದ. ಆಮೇಲೆ ಅವಳು ತುಂಬಿಟ್ಟ ಒಂದು ತೋಟೆಯ ಗುಂಡು ಕಿತ್ತು ಅಂಗೈಗೆ ಸುರಿದು ನೋಡಿದ. ಕೋವಿಯ ಉದ್ದ ಕಾಳು, ಪಿಸ್ತೂಲಿನ ಚಪ್ಪಟೆ ಕಾಳು, ಎರಡೂ ಬೆರೆತಿದ್ದವು. ಇನ್ನೊಂದು ಕಿತ್ತ. ಅದೂ ಹಾಗೇ.

"ಹಾರಿಸಿದ್ದಿದ್ರೆ ನಿಮ್ಮ ಮುಖಾನೇ ಹೋಗ್ತಿತ್ತಲ್ಲ!" ಅಂದೆ.

"ನನ್ನ ಮುಖ ಹೋದ್ರೆ ಊರಿಗೇನು ದೊಡ್ಡ ನಷ್ಟ? ಅವಳಿಗೆ ಗೊತ್ತಾದ್ರೆ ಏನು ಗತಿ, ಅದನ್ನ ಹೇಳು. ಬೇರೆ ಎಲ್ಲ ಮರೀತಾಳೆ ವೆಂಡೆಲ್. ಮೊನ್ನೆ ಅವಳ ತಂಗಿ ಸತ್ತಿದ್ದನ್ನ ಮೂರು ಸಲ ಹೇಳ್ದೆ, ಮೂರು ಸಲಾನೂ ಹೊಸದಾಗಿ ಅತ್ತಳು. ಆದ್ರೆ ಈ ಬೆಂಚಿಗೆ ಬಂದ್ರೆ ಅವಳು ಅವಳೇ. ಇಲ್ಲಿ ತಪ್ಪಿದೆ ಅಂತ ಗೊತ್ತಾಗಬಾರ್ದು. ಅದೊಂದು ಗೊತ್ತಾಗಬಾರ್ದು."

ಮದ್ದನ್ನು ಅವನು ಆಗಲೇ ಮನೆಯಿಂದ ಸಾಗಿಸಿದ್ದ. ಬಜಾರಿನಲ್ಲಿ ಮದ್ದೂ ಇಲ್ಲ ಎಂದು ಅವಳಿಗೆ ಹೇಳಿದ್ದ. ಅವಳು ಮದ್ದಿಲ್ಲದೆ ಆಗುವ ಅರ್ಧ ಕೆಲಸ ಮಾಡುತ್ತಿದ್ದಳು: ಖಾಲಿ ತೋಟೆ ಉಜ್ಜುವುದು, ಆಕಾರಕ್ಕೆ ತರುವುದು, ಬುಡದಲ್ಲಿ ಕೇಪು ಕೂರಿಸುವುದು. ಆಮೇಲೆ ಕೇಪೂ ಮುಗಿಯಿತು. ಅವಳು ಬೆಳಗೆಲ್ಲ ಬೆಂಚಿನ ಮೇಲೆ ಅಂಗೈ ಊರಿಕೊಂಡು ನಿಂತು, "ನನ್ನ ಕೇಪೆಲ್ಲಿ? ಯಾರು ತಗೊಂಡ್ರು?" ಎಂದು ಕೇಳತೊಡಗಿದಳು.

ಹಾಗಾಗಿ, ತುಂಬುವುದನ್ನು ಎಂದೂ ಕಲಿಯದವನು ಬಿಡಿಸುವುದನ್ನು ಕಲಿತ.

ಅವಳು ಕೂರಿಸಿದ ಕೇಪುಗಳನ್ನು ಸಿಡಿಸದೆ ಹೊರತೆಗೆದು, ಮತ್ತೆ ಅವಳಿಗೇ ಕೊಡುವುದು ಅವನ ಯೋಜನೆ. ಅಂಗಡಿಯಲ್ಲಿ ಇದನ್ನು ಅವನ ಹೆಸರೆತ್ತದೆ ನಾನು ಕೇಳಿದಾಗ ಲೈಲ್ ಕುರ್ಚಿಯಿಂದ ಎದ್ದೇ ಬಿಟ್ಟಿದ್ದ: "ಜೀವ ಇರೋ ಕೇಪನ್ನ ಹಿಂದಕ್ಕೆ ತಳ್ಳೋದಾ? ಕೈ ಇರತ್ತಾ? ಎಣ್ಣೇಲಿ ಮುಳುಗಿಸಿ ಕೊಂದು, ಆಮೇಲೆ ತೆಗೀಬೇಕು."

ಇದನ್ನು ಹಾಲ್ವರ್‌ಗೆ ಹೇಳಿದೆ. ಅವನು, "ಕೊಂದ ಮೇಲೆ ಅವಳಿಗೆ ಏನು ಕೊಡ್ಲಿ?" ಅಂದ.

ಅವನು ಬಿಡಿಸುವುದನ್ನು ನಾನು ಹಳೆಯ ಫ್ರಿಜ್ಜಿನ ಹಿಂದೆ ಅಡಗಿ ನಿಂತು ನೋಡಿದ್ದೇನೆ. ಕಣ್ಣಿಗೆ ದಪ್ಪ ಕನ್ನಡಕ. ಹತ್ತಿರದಲ್ಲಿ ಮದ್ದಿನ ಒಂದು ಕಾಳೂ ಇಲ್ಲ. ಕೈಯ ಜಿಡ್ಡು ತೊಳೆದು ಒರೆಸಿಕೊಳ್ಳುವನು. ಜಿಡ್ಡು ತಾಗಿದ ಕೇಪನ್ನು ನಂಬುವಂತಿಲ್ಲ. ಒಂದು ಹೊತ್ತಿಗೆ ಒಂದೇ ತೋಟೆ. ಬೆಂಚಿಗೆ ಬಿಗಿದ ತೋಟೆ ಒತ್ತುವ ಪ್ರೆಸ್ಸಿನ ಹಿಡಿಯನ್ನು, ನಿದ್ದೆ ಹೋದ ಮಗುವಿನ ಮುಷ್ಟಿಯಿಂದ ಗಿಲಕಿ ಬಿಡಿಸುವ ಹಾಗೆ, ನಿಧಾನವಾಗಿ ಇಳಿಸುವನು. ಬಡಿತವಿಲ್ಲ, ಜಗ್ಗಾಟವಿಲ್ಲ. ಕೇಪು ಒಂದಿಷ್ಟು ಹಟ ಮಾಡಿದರೂ ಕೈ ನಿಲ್ಲಿಸಿ ಆ ತೋಟೆಯನ್ನು ಆಚೆಗಿಡುವನು. ಹೊರಬಂದದ್ದನ್ನು ಕೆಳಗೆ ಗುಡ್ಡೆಯಾಗಲು ಬಿಡದೆ, ಆಗಿಂದಾಗ ಎತ್ತಿ, ನಜ್ಜಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ತಟ್ಟೆಯಲ್ಲಿಡುವನು. ನಾನು ಮಾತ್ರ ಪ್ರತಿ ಸಲವೂ ಕಿವಿ ಮುಚ್ಚಿಕೊಳ್ಳುತ್ತಿದ್ದೆ. "ಫ್ರಿಜ್ಜು ಹೆದರ್ಕೊಂಡಿದೆ ಅಂತ ಕಾಣತ್ತೆ, ನಡುಗ್ತಾ ಇದೆ," ಎನ್ನುತ್ತಿದ್ದ ಹಾಲ್ವರ್. ಅವನ ಜೀವಮಾನದ ಹಾಸ್ಯಗಳಲ್ಲಿ ಅದು ಎರಡನೆಯದು. ಮೊದಲನೆಯದು ಯಾರಿಗೂ ನೆನಪಿಲ್ಲ.

ಮಧ್ಯಾಹ್ನ ಅವಳು ಮಲಗಿದಾಗ ಬಿಡಿಸಿದ್ದು ಬೆಳಗ್ಗೆ ತಟ್ಟೆಯಲ್ಲಿ ಹೊಳೆಯುತ್ತಿತ್ತು. "ಬಂತಾ?" ಎಂದು ಅವಳ ಮುಖ ಅರಳುತ್ತಿತ್ತು. "ವೆಂಡೆಲ್ ಎಲ್ಲಿಂದಲೋ ತರಿಸಿದ," ಎನ್ನುತ್ತಿದ್ದ ಅವನು. ಹೀಗೆ ನಾನು ದಾನಶೂರನಾದೆ. ನಾನು ತರಿಸದ ಕೇಪುಗಳಿಗಾಗಿ ಬರ್ನೀಸ್ ನನಗೆ ರುಬಾರ್ಬ್ ಎಂಬ ಹುಳಿ ದಂಟು ತುಂಬಿದ ಸಿಹಿ ಪೈ ಮಾಡಿ ಕಳಿಸಿದಳು. ಸಕ್ಕರೆಯ ಬದಲು ಉಪ್ಪು ಬಿದ್ದಿತ್ತು. ಹಾಲ್ವರ್ ಎದುರಿಗೇ ನಿಂತಿದ್ದ. ಪೂರ್ತಿ ತಿಂದೆ.

ಶರತ್ಕಾಲದಲ್ಲಿ ಹಾಲ್ವರ್ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಾಗಿ ಬಂದು, ಒಂದು ಬೆಳಗ್ಗೆ ನಾನು ಬರ್ನೀಸಳ ಜೊತೆ ಗ್ಯಾರೇಜಿನಲ್ಲಿ ಕೂತೆ.

"ಕೂತ್ಕೋ. ನೀನು ಯಾರ ಮಗ?"

"ನಾನು ವೆಂಡೆಲ್, ಬರ್ನೀಸ್. ಅಂಗಡಿಯವನು."

"ಹಾಂ, ಹಾಂ. ಗುರಿ ಇಲ್ಲದವನು."

ಹೆಸರು ಅಳಿಸಿಹೋಗಿತ್ತು, ಬಿರುದು ಉಳಿದಿತ್ತು. ಅವಳು ಕೇಪು ಕೂರಿಸುತ್ತಿದ್ದಳು. ಎತ್ತುವುದು, ಒತ್ತುವುದು, ಸರಿಯಾಗಿ ಕೂತಿತೇ ಎಂದು ಬೆರಳ ತುದಿಯಿಂದ ಬುಡ ಸವರುವುದು. ಒಂದೂ ಓರೆಯಿಲ್ಲ. ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ ಹೇಳಿದಳು:

"ಹೊಸ ಕೇಪು ಒಳಗೆ ಹೋಗೋವಾಗ ಬೆರಳ ಜೊತೆ ಸ್ವಲ್ಪ ಜಗಳ ಆಡತ್ತೆ. ಇವು ಆಡಲ್ಲ ನೋಡು. ಇವಕ್ಕೆ ದಾರಿ ಗೊತ್ತು."

ನಾನು ತಟ್ಟೆಯಲ್ಲಿದ್ದ ಕೇಪುಗಳನ್ನು ಎಣಿಸುವವನ ಹಾಗೆ ನಟಿಸಿದೆ.

"ಮುದುಕ ಬಿಡಿಸ್ತಾನೆ. ನಾನು ನಿದ್ದೆ ಮಾಡ್ತೀನಿ ಅಂದುಕೊಂಡಿದ್ದಾನೆ, ಪೆದ್ದ. ಆ ಹಿಡಿ ಇಳಿಯೋ ಸದ್ದು ನನಗೆ ಕೇಳದೆ ಇರತ್ತಾ? ನಲವತ್ತು ವರ್ಷ ನಾನು ಎಳೆದದ್ದು."

"ನಿಮಗೆ... ಬೇಜಾರಾಗಲ್ವಾ?"

"ಏನೋ ತಪ್ಪು ಮಾಡಿರ್ತೀನಿ. ದೊಡ್ಡದೇ ಇರಬೇಕು. ಏನು ಅಂತ ನೆನಪಿಲ್ಲ." ಕೈಯಲ್ಲಿದ್ದ ತೋಟೆಯನ್ನು ತೋಟೆ ನಿಲ್ಲಿಸುವ ಹಲಗೆಯ ಕುಳಿಯಲ್ಲಿಟ್ಟಳು. "ಕೇಳಿದ್ರೆ ಅವನು ಹೇಳಬೇಕಾಗತ್ತೆ. ಹೇಳೋಕಾಗಲ್ಲ ಅವನ ಕೈಲಿ, ಪಾಪ. ನನಗೆ ಗೊತ್ತು ಅಂತ ಅವನಿಗೆ ಹೇಳಬೇಡ. ಏನೋ ಮಾಡ್ತಾ ಇದ್ದೀನಿ ಅಂತ ಅವನಿಗೂ ಒಂದು ಸಮಾಧಾನ ಬೇಕಲ್ಲ."

"ಹೇಳಲ್ಲ," ಅಂದೆ.

ಅವಳು ಇನ್ನೊಂದು ಕೇಪು ಎತ್ತಿಕೊಂಡಳು. ಒತ್ತಿದಳು. ಸವರಿದಳು. ಆಮೇಲೆ ನನ್ನತ್ತ ತಿರುಗಿ, ಮರ್ಯಾದೆಯಿಂದ ಕೇಳಿದಳು: "ನೀನು ಯಾರ ಮಗ?"

ಅಂದಿನಿಂದ ಅವನ ಗುಟ್ಟು ಅವಳಿಂದ ಮುಚ್ಚಿಟ್ಟು, ಅವಳ ಗುಟ್ಟು ಅವನಿಂದ ಮುಚ್ಚಿಟ್ಟು ನಾನು ಆ ಮನೆಗೆ ಹೋಗಿ ಬರತೊಡಗಿದೆ. ಬಾಯಿಬಡುಕನೆಂದು ಹೆಸರಾದ ನನಗೆ ಇಂಥ ಕೆಲಸ ಒದಗಿದ್ದು ವಿಧಿಯ ಕುಚೋದ್ಯ. ಹಿಮ ಬಿತ್ತು, ಕರಗಿತು. ನಮ್ಮ ಕಪಾಟಿಗೆ ಅಲ್ಲೊಂದು ಇಲ್ಲೊಂದು ಪೊಟ್ಟಣ ಕೇಪು ಬರತೊಡಗಿತು. ಮೊದಲು ಬಂದದ್ದನ್ನು ಲೈಲ್‌ನಿಂದ ಬಚ್ಚಿಟ್ಟು ನಾನೇ ಹಾಲ್ವರ್‌ಗೆ ಒಯ್ದೆ. ಕಡೆಗೂ ದಾನಿಯಾದೆನೆಂದು ಒಳಗೊಳಗೇ ಬೀಗುತ್ತಿದ್ದೆ.

ಹಾಲ್ವರ್ ಬೆಂಚಿನ ಮುಂದೆ ಕನ್ನಡಕ ಹಾಕಿಕೊಂಡು ಕೂತಿದ್ದ. ಹಿಡಿಯ ಮೇಲೆ ಕೈಯಿರಲಿಲ್ಲ. ನನ್ನ ಪೊಟ್ಟಣವನ್ನು ನೋಡಿದ, ಮುಟ್ಟಲಿಲ್ಲ. ಅವಳು ಆ ಬೆಳಗ್ಗೆ ಮಾಡಿಟ್ಟ ತೋಟೆಗಳ ಹಲಗೆಯನ್ನು ನನ್ನತ್ತ ತಳ್ಳಿದ.

ಒಂದರಲ್ಲಿ ಕೇಪು ತಲೆಕೆಳಗಾಗಿ ಕೂತಿತ್ತು. ಪಕ್ಕದ್ದರಲ್ಲಿ ಅಡ್ಡಡ್ಡ ಹೋಗಿ ಅಪ್ಪಚ್ಚಿಯಾಗಿತ್ತು. ಅದರಾಚೆಯದೂ ಹಾಗೇ. ಕೆಲವು ಕುಳಿಗಳಲ್ಲಿ ತೋಟೆಯೇ ಇಲ್ಲ. ಅಡುಗೆಮನೆಯ ಚಿಕ್ಕ ಚಮಚಗಳನ್ನು ಸಾಲಾಗಿ ನಿಲ್ಲಿಸಿದ್ದಳು.

"ಇವನ್ನ ಬಿಡಿಸೋಕಾಗಲ್ಲ," ಅಂದ ಹಾಲ್ವರ್. "ಇವನ್ನ ಮುಟ್ಟಬಾರ್ದು."

ಕೆಟ್ಟ ತೋಟೆಗಳನ್ನು ಒಂದೊಂದಾಗಿ, ಕೇಪು ಸಮೇತ, ಎಣ್ಣೆಯ ಡಬ್ಬಿಯಲ್ಲಿ ಇಳಿಬಿಟ್ಟ. ಸದ್ದಾಗದಂತೆ ಬೆರಳು ಎಣ್ಣೆಗೆ ತಾಗುವ ತನಕ ಹಿಡಿದು, ಆಮೇಲೆ ಬಿಡುತ್ತಿದ್ದ. ಚಮಚಗಳನ್ನು ಒರೆಸಿ ಅಂಗಿಯ ಜೇಬಿಗೆ ಹಾಕಿಕೊಂಡ.

"ವೆಂಡೆಲ್, ಒಂದು ಮಾತು. ಅವಳಿಗೆ ಕೊನೇವರೆಗೂ ಗೊತ್ತಾಗಲಿಲ್ಲ, ಅಲ್ವಾ? ನಾನು ಬಿಡಿಸ್ತಾ ಇದ್ದದ್ದು?"

"ಇಲ್ಲ," ಅಂದೆ. "ಚೂರೂ ಗೊತ್ತಾಗಲಿಲ್ಲ."

ಅವನು ಕನ್ನಡಕ ತೆಗೆದ. "ನನಗೆ ಒಂದು ಸುಳ್ಳೂ ನೆಟ್ಟಗೆ ಹೇಳೋಕೆ ಬರಲ್ಲ ಅಂತಿದ್ದಳು ಯಾವಾಗ್ಲೂ," ಅಂದ. ಆ ಮುಖದಲ್ಲಿ, ದೇವರಾಣೆ, ಒಂದಿಷ್ಟು ಹೆಮ್ಮೆ ಇತ್ತು. ಅದು ಇದ್ದಷ್ಟು ಹೊತ್ತು ನಾನು ನೆಲ ನೋಡುತ್ತ ನಿಂತೆ. ಆಮೇಲೆ ಅವನ ಭುಜಗಳು ಅಲುಗಿದವು.

ಒಳಗಿನಿಂದ ಬರ್ನೀಸ್ ಕೂಗಿದಳು. "ಯಾರದು ಅಲ್ಲಿ?"

"ನಾನು, ಬರ್ನಿ."

"ನಾನು ಅಂದ್ರೆ ಯಾರು?"

ಹಾಲ್ವರ್ ಎದ್ದು ಬಾಗಿಲ ಹಿಡಿಯ ಮೇಲೆ ಕೈಯಿಟ್ಟ.

"ಕಾಫಿ ತರೋನು," ಅಂದು ಒಳಗೆ ಹೋದ.