ಹೋಲ್ಡಾನ್ ಕೇಳದ ರೈಲು

ಗೈಡ್ ಬೇಕೇ ಎಂದು ಹೋಟೆಲಿನ ಕೌಂಟರಿನ ಹುಡುಗಿ ಕೇಳಿದ್ದೇ ತಪ್ಪಾಯಿತು. ರೈಟಣ್ಣನ ಮೂಗಿನ ತುದಿಗೆ ಕೋಪ ಬಂತು. ಜೀವಮಾನವೆಲ್ಲ ಬಸ್ ಕಂಡಕ್ಟರಾಗಿದ್ದು ಮೊನ್ನೆ ಮೊನ್ನೆ ನಿವೃತ್ತನಾದ ಆಸಾಮಿ. ‘ರೈಟ್ ರೈಟ್’ ಎಂದು ಕೂಗಿ ಕೂಗಿ, ಹೆತ್ತವರಿಟ್ಟ ಹೆಸರು ಊರವರಿಗೆ ಮರೆತೇಹೋಗಿತ್ತು. ಊರಿಗೆಲ್ಲ ದಾರಿ ಹೇಳಿದವನಿಗೆ ಗೈಡಂತೆ ಗೈಡು!

“ಹೇಳೇ ಅವಳಿಗೆ, ನಿಮ್ಮಪ್ಪ ಯಾರು ಅಂತ!” ಎಂದು ಮಗಳ ಕಡೆ ತಿರುಗಿದ. ಕಾಲೇಜು ಓದುವ ಮಗಳು ಅದನ್ನೆಲ್ಲ ನುಂಗಿಕೊಂಡು, ಬೇಡ ಎಂದಷ್ಟೇ ತಿಳಿಸಿದಳು.

ಹೊರಟವರು ನಾಲ್ವರು: ಅವನು, ಹೆಂಡತಿ, ಮಗಳು, ಅಕ್ಕ. ಕಣ್ಣು ಮುಚ್ಚುವುದರೊಳಗೆ ಪರದೇಶದ ದೊಡ್ಡ ಪಟ್ಟಣವೊಂದನ್ನು ನೋಡಬೇಕೆಂಬ ಆಸೆ ಅಕ್ಕನದು. ತಾಯಿ ತೀರಿಕೊಂಡಾಗ ರೈಟಣ್ಣನಿಗೆ ಇನ್ನೂ ತೊದಲು ಮಾತು. ಎತ್ತಿ ಆಡಿಸಿ, ಬೈದು ಬಡಿದು ಅವನನ್ನು ಮನುಷ್ಯನನ್ನಾಗಿ ಮಾಡಿದವಳು ಅವಳೇ. ಅವಳ ಬಾಯಿಂದ ಆ ಮಾತು ಬಿದ್ದದ್ದೇ ತಡ, ಅವನು ಟಿಕೆಟ್ಟು ತೆಗೆಸಿದ್ದ.

ತೆಗೆಸಿದ್ದೇನೋ ಸರಿ, ನೋಡಲು ಬಿಡಬೇಕಲ್ಲ! ಬೆಳಿಗ್ಗೆಯಿಂದ ಒಂದು ಕಡೆ ನಿಂತ ಪ್ರಾಣಿಯಲ್ಲ. ಚೌಕದಲ್ಲಿ ಕಾರಂಜಿ ನೋಡುತ್ತಿದ್ದರೆ “ಆಯ್ತಲ್ಲ, ನಡೀರಿ ನಡೀರಿ” ಎಂದ. ಸೇತುವೆಯ ಕಂಬಿ ಹಿಡಿದು ಅಕ್ಕ ಹೊಳೆಯ ದೋಣಿಗಳನ್ನು ನೋಡುತ್ತಿದ್ದರೆ “ಮುಂದಕ್ಕೆ ಹೋಗಿ, ಮುಂದಕ್ಕೆ ಹೋಗಿ” ಎಂದ, ಬಸ್ಸಿನಲ್ಲಿ ಬಾಗಿಲ ಬಳಿ ನಿಂತವರಿಗೆ ಹೇಳುವ ಹಾಗೆ.

“ಇವರಿಗೆ ಊರು ನೋಡೋದಲ್ಲ, ಟ್ರಿಪ್ ಮುಗಿಸೋದೇ ಮುಖ್ಯ,” ಎಂದಳು ಹೆಂಡತಿ.

“ಬಿಡಮ್ಮ, ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದಾನೆ,” ಎಂದು ಅಕ್ಕ ನಕ್ಕಳು.

ಮಧ್ಯಾಹ್ನ ನೆಲದಡಿಯ ರೈಲು ಹತ್ತಲು ಹೋದರು. ಎಡವಟ್ಟಾದದ್ದು ಅಲ್ಲಿಯೇ. ಎಲ್ಲರನ್ನೂ ಹತ್ತಿಸಿ ಕೊನೆಗೆ ಕಂಡಕ್ಟರು ಹತ್ತಬೇಕು, ಇದು ಅವನ ರಕ್ತಕ್ಕಿಳಿದ ಪಾಠ. ಅಕ್ಕನ ರಟ್ಟೆ ಹಿಡಿದು ಒಳಗೆ ಹತ್ತಿಸಿದ. ಹೆಂಡತಿ ಚಪ್ಪಲಿ ಸರಿಮಾಡಿಕೊಳ್ಳುತ್ತ ಹಿಂದೆ ಉಳಿದಿದ್ದಳು, ಮಗಳು ಗೋಡೆಯ ನಕ್ಷೆ ನೋಡುತ್ತಿದ್ದಳು. ರೈಟಣ್ಣ ಪ್ಲಾಟ್‌ಫಾರಂನಲ್ಲಿ ಆರಾಮಾಗಿ ನಿಂತು ಅವರನ್ನು ಕೂಗಿದ. ತಾನು ರೈಟ್ ಅನ್ನದೆ ಯಾವ ಗಾಡಿ ತಾನೇ ಹೊರಟೀತು?

ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು.

“ಹೋಲ್ಡಾನ್! ಏಯ್, ಹೋಲ್ಡಾನ್!” ಎಂದು, ಬಸ್ಸು ನಿಲ್ಲಿಸುವಾಗಿನ ಹಾಗೇ ಕೂಗುತ್ತ ರೈಲಿನ ಪಕ್ಕಕ್ಕೆ ಧಪಧಪ ಬಡಿದ. ರೈಲು ಕ್ಯಾರೇ ಅನ್ನಲಿಲ್ಲ. ಗಾಜಿನಾಚೆ ಅಕ್ಕನ ಮುಖ ಕಂಡಿತು, ಮರೆಯಾಯಿತು. ಅವಳ ಬಳಿ ಫೋನಿಲ್ಲ, ಇಳಿದುಕೊಂಡ ಹೋಟೆಲಿನ ಹೆಸರು ಗೊತ್ತಿಲ್ಲ, ಆ ಊರಿನ ಭಾಷೆಯ ಒಂದಕ್ಷರವೂ ಬಾರದು. ರೈಟಣ್ಣನ ಜೀವ ಬಾಯಿಗೆ ಬಂತು.

ಮುಂದಿನ ರೈಲು ಬಂದಾಗ ಹಿಂದುಮುಂದು ನೋಡದೆ ನುಗ್ಗಲು ಹೋದ. ಹೆಂಡತಿ ಅಂಗಿ ಹಿಡಿದು ಜಗ್ಗಿದಳು.

“ಎಲ್ಲಿಗ್ರೀ? ನೀವೂ ಕಳೆದುಹೋಗ್ಬೇಕಾ?”

“ಅಪ್ಪಾ, ಈ ಲೈನು ಗುಂಡಗಿದೆ,” ಎಂದಳು ಮಗಳು ನಕ್ಷೆಯ ಮೇಲೆ ಬೆರಳಾಡಿಸಿ. “ಊರೆಲ್ಲ ಸುತ್ತಿ ಅದೇ ರೈಲು ಇಲ್ಲಿಗೇ ಬರುತ್ತೆ. ನೀನು ಈ ರೈಲಲ್ಲಿ ಹೋದ್ರೆ ಅತ್ತೆ ಹಿಂದೇನೇ ಸುತ್ತುತಾ ಇರ್ತೀಯ. ಅತ್ತೆ ಮಧ್ಯ ಎಲ್ಲೂ ಇಳೀದಿದ್ರೆ ಸಾಕು.”

ಅವಳು ಸಮವಸ್ತ್ರದವನೊಬ್ಬನನ್ನು ಹಿಡಿದು ವಿಷಯ ಹೇಳಿದಳು. ಅವನು ಫೋನಿನಲ್ಲಿ ಯಾರಿಗೋ ತಿಳಿಸಿ, ಇಲ್ಲೇ ನಿಂತಿರಿ ಎಂದು ಕೈಸನ್ನೆ ಮಾಡಿದ.

ನಿಂತಿರುವುದಂತೆ! ಬೇರೆ ಯಾವ ಶಿಕ್ಷೆಯಾದರೂ ಕೊಡಬಹುದಿತ್ತು. ಅಕ್ಕ ಇಳಿಯದೆ ಇರುತ್ತಾಳೆಯೇ? ಚಿಕ್ಕವನಿದ್ದಾಗ ಸಂತೆಯಲ್ಲಿ ಇವನು ತಪ್ಪಿಸಿಕೊಂಡಾಗ, ಬರಿಗಾಲಲ್ಲಿ ಸಂತೆಯನ್ನೆಲ್ಲ ಜಾಲಾಡಿ ಕಿವಿ ಹಿಡಿದು ಎಳೆದು ತಂದವಳು. ತಮ್ಮ ಕಾಣದಿದ್ದರೆ ಸುಮ್ಮನೆ ಕೂರುವ ಹೆಂಗಸಲ್ಲ. ಎಲ್ಲೋ ಇಳಿದು, ಗುರುತಿಲ್ಲದ ಬೀದಿಗಳಲ್ಲಿ ಹುಡುಕುತ್ತಿರಬೇಕು. ‘ನಾನೇ ಕೈಯಾರೆ ಹತ್ತಿಸಿ ಕಳಿಸಿದೆನಲ್ಲ’ ಎಂದು ಹಣೆ ಹಣೆ ಚಚ್ಚಿಕೊಂಡ.

ರೈಲು ಬಂತು, ಅಕ್ಕನಿಲ್ಲ. ಇನ್ನೊಂದು ಬಂತು, ಇಲ್ಲ. ಬಂದ ಬಂದ ರೈಲಿನ ಉದ್ದಕ್ಕೂ ಗಾಜಿಗೆ ಮುಖ ತಾಗಿಸಿ ಓಡಿದ. ಒಳಗಿದ್ದವರು ಬೆಚ್ಚಿ ಹಿಂದೆ ಸರಿದರು. “ಸ್ವಲ್ಪ ಕೂತ್ಕೊಳ್ರೀ,” ಎಂದ ಹೆಂಡತಿಯ ಮೇಲೆ ಹರಿಹಾಯ್ದ. ಆಮೇಲೆ ಅವಳ ಪಕ್ಕದಲ್ಲೇ ನಿಂತು, ಮಗಳೆದುರಿಗೇ ಕಣ್ಣೊರೆಸಿಕೊಂಡ.

“ಅಪ್ಪಾ! ಅಲ್ಲಿ!” ಎಂದು ಮಗಳು ಕಿರುಚಿದಳು.

ಈ ಸಲ ರೈಟಣ್ಣ ಯಾರನ್ನೂ ಮುಂದೆ ಬಿಡಲಿಲ್ಲ. ಬಾಗಿಲು ತೆರೆದದ್ದೇ ಒಳಗೆ ಹಾರಿದ, ತಾಯಿ ಮಗಳು ಬೆನ್ನಿಗೇ ನುಗ್ಗಿದರು. ಅಕ್ಕ ಮೂಲೆಯ ಸೀಟಿನಲ್ಲಿದ್ದಳು. ಪಕ್ಕದ ಸೀಟಿನ ಮೇಲೆ ತನ್ನ ಚೀಲವಿಟ್ಟು ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು. ಸುತ್ತ ಜನ ನಿಂತೇ ಇದ್ದರು.

“ಎಲ್ಲೋಗಿದ್ಯೋ ಹಾಳಾದವ್ನೇ? ನಿನಗೆ ಅಂತ ಜಾಗ ಹಿಡಿದೂ ಹಿಡಿದೂ ಸಾಕಾಯ್ತು. ಬಂದ್ಬಂದವರೆಲ್ಲ ಕೂರೋಕೆ ನೋಡಿದ್ರು. ನನ್ನ ತಮ್ಮ ಬರ್ತಾನೆ, ಆಗಲ್ಲ ಅಂದೆ.”

“ಯಾವ ಭಾಷೇಲಿ ಅತ್ತೆ?” ಎಂದಳು ಮಗಳು.

“ನನಗೆ ಬರೋದು ಒಂದೇ ಅಲ್ವೇನೇ?”

ತಾಯಿ ಮಗಳು ಅಳುತ್ತಳುತ್ತಲೇ ನಕ್ಕರು. ರೈಟಣ್ಣನಿಗೆ ನಗು ಬರಲಿಲ್ಲ. ಚೀಲ ತೊಡೆಯ ಮೇಲಿಟ್ಟುಕೊಂಡು ಅಕ್ಕನ ಪಕ್ಕ ಕುಳಿತ.

“ಇಳಿದು ನನ್ನನ್ನ ಹುಡುಕ್ತೀಯೇನೋ ಅಂತ ಪ್ರಾಣವೇ ಹೋಗಿತ್ತಕ್ಕಾ. ಇಳೀಬೇಕು ಅನ್ನಿಸ್ಲಿಲ್ವಾ?”

“ಅನ್ನಿಸ್ತು,” ಎಂದು ಅಕ್ಕ ದನಿ ತಗ್ಗಿಸಿದಳು, ಹೆಂಡತಿ ಮಗಳಿಗೆ ಕೇಳದ ಹಾಗೆ. “ಕಾಲು ಏಳ್ಲಿಲ್ಲ ಕಣೋ. ಹೆದರ್ಕೊಂಡ್ಬಿಟ್ಟೆ.”

ಅಕ್ಕನ ಬಾಯಲ್ಲಿ ಆ ಮಾತನ್ನು ಅವನು ಕೇಳಿದ್ದು ಅದೇ ಮೊದಲು. ಮುಂದಿನ ನಿಲ್ದಾಣದಲ್ಲಿ ಇಳಿಯೋಣ ಎಂದಳು ಮಗಳು. ರೈಟಣ್ಣ ಅಕ್ಕನ ಕೈ ಹಿಡಿದುಕೊಂಡು, ಏಳುವ ಆತುರ ತೋರದೆ ಹಾಗೆಯೇ ಕುಳಿತಿದ್ದ.