ಎಡಗಡೆ ಪೆಟ್ಟಿಗೆಯ ಮೇಡಂ

ಬಾಳ್ಳುಪೇಟೆಯ ಕಂಪ್ಯೂಟರ್ ಕ್ಲಾಸಿನಲ್ಲಿ ನನ್ನ ಜೊತೆ ಪಾಠ ಹೇಳುತ್ತಿದ್ದ ಮೇಡಂ, ಬೆಳಿಗ್ಗೆ ಬಂದವರೇ ಮೌಸಿನ ಹೊಟ್ಟೆಯೊಳಗಿನ ಗುಂಡನ್ನು ತೆಗೆದು ಸೆರಗಿನಿಂದ ಒರೆಸುತ್ತಿದ್ದರು. ಒಮ್ಮೆ ಸರಿಯಾಗಿ ಓಡಿದ ಕೋಡನ್ನು ಅವರು ಮತ್ತೆ ಟೈಪ್ ಮಾಡಿದ್ದನ್ನು ನಾನು ನೋಡಿದ್ದೇ ಇಲ್ಲ. ಅದನ್ನು ಮೌಸಿನಲ್ಲಿ ಎಳೆದು ಪರದೆಯ ಎಡಗಡೆಯ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವರು; ಬೇಕಾದಾಗ ಅಲ್ಲಿಂದ ಎಳೆದು ಹೊಸ ಪ್ರೋಗ್ರಾಮಿಗೆ ಬಿಡುವರು. "ಬೆಂದಿದ್ದನ್ನ ಇನ್ನೊಂದ್ಸಲ ಯಾಕ್ರೀ ಬೇಯಿಸ್ಬೇಕು?" ಎನ್ನುವುದು ಅವರ ಮಾತು.

ಕ್ಲಾಸು ಮುಚ್ಚುವ ಸ್ಥಿತಿಗೆ ಬಂದಿದ್ದಾಗ, ಕಾಫಿ, ಮೆಣಸು ಕೊಳ್ಳುವ ಸಾಹುಕಾರರೊಬ್ಬರು ನಾವು ಮಾರಲೆಂದು ಬರೆದಿದ್ದ ಬಿಲ್ಲಿಂಗ್ ಪ್ರೋಗ್ರಾಮ್ ನೋಡಲು ಬಂದರು. ಅವರು ಒಪ್ಪಿದರಷ್ಟೇ ನಮಗೆ ಉಳಿಗಾಲ.

"ಕಾಫಿಗೆ ತೇವದ ತೂಕ ಕಳೀತೈತೆ, ಸರಿ. ಮೆಣಸಿಗೆ ಎಲ್ಲಿ ಕಳೀತೈತೆ?" ಎಂದರು ಸಾಹುಕಾರರು. ಅಷ್ಟರಲ್ಲಿ ಕರೆಂಟ್ ಹೋಯಿತು. ಹಳೆಯ ಯುಪಿಎಸ್ ಕೀಚ್ ಕೀಚ್ ಎಂದು ಕೂಗತೊಡಗಿತು; ಅದರ ಬ್ಯಾಟರಿ ಎರಡು ನಿಮಿಷ ಬಂದರೆ ಹೆಚ್ಚು. ಸಾಹುಕಾರರು ಎದ್ದೇಬಿಟ್ಟರು. "ಇನ್ನೊಂದಿನ ಬರ್ತೀನಿ ಬುಡಿ."

"ಕೂತ್ಕಳ್ರೀ, ಹೋಟ್ಲಿಂದ ಈಗಷ್ಟೇ ಬಿಸಿ ಕಾಫಿ ತಂದವ್ರೆ. ಅದು ಆರೋದ್ರೊಳಗೆ ಮೆಣಸಿನ ಬಿಲ್ಲು ಕೊಡ್ತೀನಿ," ಎಂದರು ಮೇಡಂ. ಕಾಫಿ ಬೀಜಕ್ಕೆಂದು ಬರೆದಿದ್ದ ತೇವದ ಲೆಕ್ಕ ಪೆಟ್ಟಿಗೆಯಲ್ಲಿತ್ತು. ಕಿರುಬೆರಳೆತ್ತಿ ಅದನ್ನು ಎಳೆದರು, ಮೆಣಸಿನ ಬಿಲ್ಲಿನೊಳಗೆ ಬಿಟ್ಟರು, ಕಾಫಿ ಎಂದಿದ್ದಲ್ಲಿ ಮೆಣಸು ಎಂದು ಬದಲಿಸಿ ಪ್ರಿಂಟ್ ಒತ್ತಿದರು. ಪ್ರಿಂಟರ್ ಕರಕರ ಎನ್ನುತ್ತ ಕೊನೆಯ ಸಾಲು ಮುಗಿಸಿತು. ಪರದೆ ಕಪ್ಪಾಯಿತು.

ಸಾಹುಕಾರರು ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಬೆರಳು ಮಡಚಿ ತಾವೇ ಲೆಕ್ಕ ಹಾಕಿದರು. "ನಾಳೇನೇ ನಮ್ಮ ಸ್ಟೋರಿನ ಕಂಪ್ಯೂಟರಿಗೆ ಹಾಕ್ಬುಡಿ ಮಾರಾಯ್ರೇ!" ಎಂದು ಲೋಟವನ್ನು ತುಟಿಗಿಟ್ಟವರು ತಟ್ಟನೆ ಕೆಳಗಿಟ್ಟರು. ಕಾಫಿ ಇನ್ನೂ ನಾಲಿಗೆ ಸುಡುವಷ್ಟು ಬಿಸಿಯಿತ್ತು.