ನೀಲಿ ಡ್ರಮ್ಮಿನ ಮೀನುಗಳು

ನಾನೂ ನನ್ನ ನಾದಿನಿಯೂ ಭಾನುವಾರ ಬೆಳಿಗ್ಗೆ ಸ್ಕೂಟರಿಗೆ ಗಾಳದ ಕೋಲುಗಳನ್ನು ಕಟ್ಟಿಕೊಂಡು ಹೊರಟರೆ ನಮ್ಮ ಬೀದಿಯಲ್ಲಿ ಈಗ ಯಾರೂ ತಿರುಗಿ ನೋಡುವುದಿಲ್ಲ. ಮೊದಮೊದಲು ನೋಡುತ್ತಿದ್ದರು. ಹೆಂಗಸರು ಹೊಳೆದಡದಲ್ಲಿ ಕೂತು ಮೀನು ಹಿಡಿಯುತ್ತಾರೆ ಅನ್ನುವುದೇ ಅವರಿಗೆ ಒಂದು ಸೋಜಿಗ. ಸಿಕ್ಕ ದೊಡ್ಡ ಮೀನನ್ನು ಬಿಟ್ಟು ಸಣ್ಣದನ್ನು ಮನೆಗೆ ತರುತ್ತಾರೆ ಅನ್ನುವುದು ಇನ್ನೂ ದೊಡ್ಡ ಸೋಜಿಗ. “ಇದೆಂಥ ಲೆಕ್ಕಾಚಾರ ಕಣ್ರೀ ನಿಮ್ದು?” ಎಂದು ಎದುರುಮನೆಯವರು ಕೇಳಿದ್ದರು. ಜಿಲೇಬಿ ಮೀನು ಹೊರಗಿನಿಂದ ಬಂದು ಹೊಳೆಯನ್ನೆಲ್ಲ ತುಂಬಿಕೊಂಡಿದೆ, ಅದನ್ನು ಎಷ್ಟು ತಿಂದರೂ ತಪ್ಪಿಲ್ಲ, ಬಿಳಿಮೀನು, ಗೆಂಡೆ ಇವೆಲ್ಲ ಈ ಹೊಳೆಯಲ್ಲೇ ಹುಟ್ಟಿ ಬೆಳೆದವು, ಕಡಿಮೆಯಾಗುತ್ತಿವೆ, ಹಾಗಾಗಿ ಬಿಡುತ್ತೇವೆ ಎಂದು ವಿವರಿಸಿದೆ. ಅವರು ನಕ್ಕು ಒಳಗೆ ಹೋದರು.

ನಾನು ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು ಪಾಸು ಮಾಡುವ ಕೆಲಸದಲ್ಲಿದ್ದೇನೆ. ನಾದಿನಿಗೆ ಲಷ್ಕರ್ ಮೊಹಲ್ಲಾದಲ್ಲಿ ಹೊಲಿಗೆ ಅಂಗಡಿ. ನನ್ನ ಗಂಡನ ಮನೆಯವರದು ಹೊಳೆ ಪಕ್ಕದ ಊರು. ನಾದಿನಿ ಚಿಕ್ಕಂದಿನಲ್ಲೇ ತನ್ನ ಅಪ್ಪನ ಜೊತೆ ಕೂತು ರಾಗಿಮುದ್ದೆಯ ಉಂಡೆಯನ್ನು ಕೊಕ್ಕೆಗೆ ಚುಚ್ಚಿ ಕಲಿತವಳು. ನಾನು ಕಲಿತದ್ದು ಅವಳಿಂದ, ಮದುವೆಯಾಗಿ ಬಹಳ ವರ್ಷಗಳಾದ ಮೇಲೆ. ಇಬ್ಬರಿಗೂ ವಾರಕ್ಕೊಂದು ದಿನ ಮನೆಯ ಸದ್ದಿನಿಂದ ದೂರ ಹೋಗಬೇಕು ಅನ್ನಿಸಿದ್ದೇ ಕಾರಣ. ಕೊಕ್ಕೆಯ ತುದಿಯ ಹಿಂದಿರುವ ಎದುರುಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡುವುದು, ಮೀನನ್ನು ಮುಟ್ಟುವ ಮುಂಚೆ ಕೈ ಒದ್ದೆ ಮಾಡಿಕೊಳ್ಳುವುದು, ಆದಷ್ಟೂ ನೀರೊಳಗೇ ಇಟ್ಟು ಕೊಕ್ಕೆ ಬಿಡಿಸುವುದು ನಮ್ಮ ಪದ್ಧತಿ. ಎದುರುಮುಳ್ಳು ಇಲ್ಲದಿದ್ದರೆ ಕೊಕ್ಕೆ ಬಾಯಿ ಹರಿಯದೆ ಹೊರಬರುತ್ತದೆ, ಆದರೆ ಕೆಲವು ಮೀನು ತಪ್ಪಿಸಿಕೊಂಡು ಹೋಗುತ್ತವೆ. ಹೋಗಲಿ.

ಸ್ಪರ್ಧೆಯ ಸುದ್ದಿ ಬಂದದ್ದು ನಾವು ಗಾಳದ ದಾರ, ತೇಲುಬೆಂಡು ಕೊಳ್ಳುವ ಅಂಗಡಿಯಲ್ಲಿ. ಇಲವಾಲದಿಂದಾಚೆ ಹೊಳೆಯಂಚಿನಲ್ಲಿ ರೆಸಾರ್ಟ್ ಕಟ್ಟಿದ್ದ ಒಬ್ಬ ಶ್ರೀಮಂತರು ಅದನ್ನು ನಡೆಸುವವರಿದ್ದರು. “ಹಿಡಿಯಿರಿ, ಬಿಡಿರಿ, ಉಳಿಸಿರಿ” ಎಂದು ದೊಡ್ಡಕ್ಷರದಲ್ಲಿ ಬರೆದ ಪೋಸ್ಟರನ್ನು ಗಲ್ಲಾದ ಹಿಂದೆ ಅಂಟಿಸಿದ್ದರು. ನಮ್ಮಂಥವರು ಇಷ್ಟು ಜನ ಇದ್ದಾರಲ್ಲ ಎಂದು ನನಗೆ ಖುಷಿಯಾಯಿತು. ನಾದಿನಿ ತಾರೀಕು ನೋಡಿ ಹುಬ್ಬು ಗಂಟಿಕ್ಕಿದಳು.

“ಅತ್ಗೆ, ಇದು ಮಳೆ ಹಿಡಿಯೋ ಟೈಮು. ಹೊಸ ನೀರಿಗೆ ಮೀನು ಮೇಲಕ್ಕೆ ಹತ್ತೋ ಕಾಲ. ಹೊಟ್ಟೆ ತುಂಬ ಮೊಟ್ಟೆ ಇರ್ತವೆ. ಇನ್ನೊಂದೆರಡು ತಿಂಗ್ಳು ತಡಿಯಕ್ಕಾಗಲ್ವಂತಾ ಇವ್ರಿಗೆ?”

ಪೋಸ್ಟರಿನಲ್ಲಿದ್ದ ನಂಬರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಸಂಘಟಕರೇ, ಆ ರೆಸಾರ್ಟಿನ ಒಡೆಯರೇ, ಎತ್ತಿಕೊಂಡರು. ತುಂಬ ಮರ್ಯಾದೆಯ ಮಾತು. “ಹಿಡಿದು ಬಿಟ್ಬಿಡ್ತೀವಲ್ಲ ಮೇಡಂ, ಅದಕ್ಕೇನೂ ಆಗಲ್ಲ. ನೀವು ಬನ್ನಿ, ಲೇಡೀಸ್ ಬಂದ್ರೆ ನಮ್ಗೂ ಹೆಮ್ಮೆ” ಅಂದರು. ದೂರ ಕೂತು ಬೈಯುವ ಬದಲು ಹೋಗಿ ನೋಡೋಣ, ತಪ್ಪಿದ್ದರೆ ಅಲ್ಲೇ ಹೇಳೋಣ ಎಂದು ನಾವಿಬ್ಬರೂ ಒಪ್ಪಿಕೊಂಡೆವು.

ಹೊಳೆದಡದಲ್ಲಿ ಶಾಮಿಯಾನ ಎದ್ದಿತ್ತು, ಅದರ ಮೇಲೆ ಪೋಸ್ಟರಿನದೇ ಮಾತಿನ ಬ್ಯಾನರು. ಸ್ಪೀಕರಿನಲ್ಲಿ ಹಾಡು. ಬಂದವರ ಕೈಯಲ್ಲಿ ನಾನು ಅಂಗಡಿಯ ಗಾಜಿನಾಚೆಯಷ್ಟೇ ನೋಡಿದ್ದ ರಾಡುಗಳು, ಹೊಳೆಯುವ ರೀಲುಗಳು. ಹಲವರ ದಾರದ ತುದಿಯಲ್ಲಿ ಬಣ್ಣ ಬಳಿದ ಪ್ಲಾಸ್ಟಿಕ್ ಮರಿಮೀನು, ಅದರ ಹೊಟ್ಟೆಯ ಕೆಳಗೊಂದು, ಬಾಲಕ್ಕೊಂದು ಮೂರು ಮುಳ್ಳಿನ ಕೊಕ್ಕೆ. ಅಂಥದ್ದನ್ನು ಕಚ್ಚಿದ ಮೀನಿಗೆ ಬಾಯಿ, ಕಣ್ಣು, ಕಿವಿರು ಎಲ್ಲೆಂದರಲ್ಲಿ ಚುಚ್ಚುತ್ತದೆ. “ಎದುರುಮುಳ್ಳು ಒತ್ತಿಲ್ವಾ ಸಾರ್?” ಎಂದು ಪಕ್ಕದಲ್ಲಿದ್ದವರನ್ನು ಕೇಳಿದೆ. “ಕಾಂಪಿಟೇಷನ್ ಮೇಡಂ, ತಪ್ಪಿಸ್ಕೊಂಡ್ರೆ ಎಂಗೆ?” ಅಂದರು.

ಶಾಮಿಯಾನದ ಮುಂದೆ, ಬಿಸಿಲಿನಲ್ಲಿ, ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮು ಇಟ್ಟಿದ್ದರು. ಅರ್ಧ ನೀರು. ಸಿಕ್ಕ ಮೀನನ್ನು ದವಡೆಗೆ ಇಕ್ಕಳ ಹಾಕಿ ನೇತುಹಾಕಿ ತೂಕ ನೋಡಿ ಅದರೊಳಗೆ ಹಾಕುತ್ತಿದ್ದರು. ಬಿಡುವುದು ಯಾವಾಗ ಎಂದು ಕೇಳಿದರೆ, ಮುಖ್ಯ ಅತಿಥಿಗಳು ಬಂದ ಮೇಲೆ, ಅವರ ಕೈಯಿಂದಲೇ, ಫೋಟೋದ ಜೊತೆ. ಮುಖ್ಯ ಅತಿಥಿಗಳು ಎಲ್ಲಿದ್ದಾರೆ? ದಾರಿಯಲ್ಲಿದ್ದಾರೆ.

ನಾದಿನಿ ಸಂಘಟಕರ ಹತ್ತಿರ ನೇರ ಹೋದಳು. ಬಿಳಿ ಪ್ಯಾಂಟು, ಟೋಪಿ, ಕತ್ತಿಗೆ ಬ್ಯಾಡ್ಜು ಹಾಕಿಕೊಂಡಿದ್ದ ಮನುಷ್ಯ.

“ಸಾರ್, ಆ ನೀರು ಆಗ್ಲೇ ಬೆಚ್ಚಗಾಗದೆ. ಉಸಿರು ಕಟ್ಟಿ ಸಾಯ್ತವೆ. ಈಗ್ಲೇ ಬುಟ್ಬುಡಿ.”

“ನೀವೇನೂ ಯೋಚ್ನೆ ಮಾಡ್ಬೇಡಿ ಅಮ್ಮ. ನಮ್ಮ ಹುಡುಗ್ರು ನೀರು ಬದಲಾಯಿಸ್ತಾರೆ.”

ಯಾರೂ ಬದಲಾಯಿಸಲಿಲ್ಲ.

ನಾವೂ ಹೆಸರು ಕೊಟ್ಟು, ಜಿಲೇಬಿ ಸಿಕ್ಕರೆ ಸಿಗಲಿ ಎಂದು ಗಾಳ ಹಾಕಿದ್ದೆವು. ಅಷ್ಟರಲ್ಲಿ ನನ್ನ ಕೋಲು ಬಾಗಿತು. ಆ ಎಳೆತವನ್ನು ಈಗಲೂ ತೋಳು ಮರೆತಿಲ್ಲ. ರೀಲು ಕಿರ್‍ರೆಂದು ಬಿಚ್ಚಿಕೊಳ್ಳುತ್ತಾ ಹೋಯಿತು. ಮೀನು ಬಂಡೆಯ ಕಡೆ ಓಡಿದಾಗಲೆಲ್ಲ ನಾನು ದಡದಲ್ಲಿ ಅದರ ಹಿಂದೆಯೇ ನಡೆದೆ. ಬಳಲಿಸಿ ಬಳಲಿಸಿ ತರಬಾರದೆಂದು ಬೇಗ ಬೇಗ ಸುತ್ತಿದೆ. ಮೊಣಕಾಲುದ್ದ ನೀರಿಗೆ ಬಂದಾಗ ನೋಡಿದೆ, ಬಿಳಿಮೀನು. ನಾನು ಅದುವರೆಗೆ ಹಿಡಿದಿದ್ದರಲ್ಲೆಲ್ಲ ದೊಡ್ಡದು. ಹೆಸರಿಗೆ ಬಿಳಿಮೀನಾದರೂ ಬಂಗಾರದ ಬಣ್ಣದ ಅಗಲವಾದ ಹುರುಪೆಗಳು, ಹೊಟ್ಟೆ ದುಂಡಗೆ ಉಬ್ಬಿತ್ತು. ತುಂಬು ಬಸುರಿ. ಕೊಕ್ಕೆ ತುಟಿಯಿಂದ ಸಲೀಸಾಗಿ ಬಂತು. ಎರಡೂ ಕೈಯಲ್ಲಿ ಹರಿವಿಗೆ ಎದುರಾಗಿ ಹಿಡಿದುಕೊಂಡೆ. ಕಿವಿರು ತೆರೆದು ಮುಚ್ಚಿ, ತೆರೆದು ಮುಚ್ಚಿ, ಸುಧಾರಿಸಿಕೊಂಡಿತು.

ಕತ್ತಿಗೆ ಸೀಟಿ ನೇತುಹಾಕಿಕೊಂಡಿದ್ದ ತೀರ್ಪುಗಾರರು ಓಡಿ ಬಂದರು. “ಸೂಪರ್ ಮೇಡಂ! ಫಸ್ಟ್ ಪ್ರೈಜ್ ಗ್ಯಾರಂಟಿ. ಎತ್ತಿ, ಎತ್ತಿ, ಡ್ರಮ್ಮಿಗೆ ಹಾಕಿ.”

“ಅಳತೆ ಬೇಕಾದ್ರೆ ಇಲ್ಲೇ ನೀರಲ್ಲೇ ತಗೊಳ್ಳಿ. ಎತ್ತಲ್ಲ ನಾನು.”

“ರೂಲ್ಸ್ ಇರೋದೇ ಅಂಗೆ. ಡ್ರಮ್ಮಿಗೆ ಹಾಕ್ಲಿಲ್ಲ ಅಂದ್ರೆ ಲೆಕ್ಕಕ್ಕಿಲ್ಲ.”

“ಲೆಕ್ಕಕ್ಕೆ ಬೇಡ ಬುಡಿ” ಅಂದು ಕೈ ಸಡಿಲಿಸಿದೆ. ಬಾಲ ಒಂದೇ ಸಲ ಬೀಸಿತು. ನನ್ನ ಮುಖದ ಮೇಲೆ ನೀರು ಹಾರಿತು, ಮೀನು ಆಳಕ್ಕೆ ಹೋಯಿತು. ಆ ತೀರ್ಪುಗಾರರ ಮುಖ ನೋಡಬೇಕಿತ್ತು. ಅವರ ಮನೆಯ ಒಡವೆಯನ್ನು ನಾನು ಹೊಳೆಗೆ ಎಸೆದಂತೆ ನಿಂತಿದ್ದರು.

ಹಿಂದೆ ನಾದಿನಿಯ ದನಿ ಕೇಳಿತು. “ಅತ್ಗೆ, ಬನ್ನಿ ಇಲ್ಲಿ. ಬೇಗ ಬನ್ನಿ.”

ಅವಳು ಡ್ರಮ್ಮಿನ ಬಳಿ ನಿಂತಿದ್ದಳು. ಬಗ್ಗಿ ನೋಡಿದೆ. ಗೆಂಡೆಗಳು, ಎಳೆಯ ಬಿಳಿಮೀನುಗಳು ಒಂದರ ಮೇಲೊಂದು ಒತ್ತಿಕೊಂಡು, ಮೇಲಕ್ಕೆ ಬಾಯಿ ಮಾಡಿ ಗಾಳಿ ಗುಟುಕರಿಸುತ್ತಿದ್ದವು. ಆಗಲೇ ಕೆಲವು ಹೊಟ್ಟೆ ಮೇಲಾಗಿದ್ದವು. ನೀರಿನ ಮೇಲೆ ಹುರುಪೆ, ರಕ್ತದ ಎಳೆ, ಒತ್ತಡಕ್ಕೆ ಹೊರಬಂದ ಮೊಟ್ಟೆಗಳು. ಹತ್ತು ಹೆಜ್ಜೆ ಆಚೆ ಹೊಳೆ ತಣ್ಣಗೆ ಹರಿಯುತ್ತಿತ್ತು. ಶಾಮಿಯಾನದ ಕೆಳಗೆ ಕೂತವರು ಬೋಂಡಾ ತಿನ್ನುತ್ತಾ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು.

ಡ್ರಮ್ಮನ್ನು ಅವಳು ಒಂದು ಕಡೆ ಹಿಡಿದಳು, ನಾನು ಇನ್ನೊಂದು ಕಡೆ. ಎತ್ತಲು ಆಗಲಿಲ್ಲ, ಎಳೆದೆವು. ಇಳಿಜಾರಿನಲ್ಲಿ ಅದು ತಾನಾಗಿಯೇ ಜಾರಿತು. ನೀರಿಗೆ ಇಳಿಸಿ ಉರುಳಿಸಿಬಿಟ್ಟೆವು. ಕೆಲವು ಸರಕ್ಕನೆ ಓಡಿದವು. ಕೆಲವು ಅಡ್ಡಡ್ಡ ಈಜಿ ಮುಳುಗಿದವು. ಉಳಿದವು ಸುಮ್ಮನೆ ತೇಲಿದವು. ನಾದಿನಿ ಸೀರೆ ಎತ್ತಿ ಕಟ್ಟಿ ಸೊಂಟಮಟ್ಟದ ನೀರಿನವರೆಗೂ ಹೋಗಿ ತೇಲಿದವನ್ನು ಒಂದೊಂದಾಗಿ ಹರಿವಿಗೆ ಹಿಡಿದು ನೋಡಿದಳು. ಅವಕ್ಕೆ ಉಸಿರು ಬರಲಿಲ್ಲ.

“ಏಯ್! ಯಾರ್ರೀ ಅದು? ಏನ್ ಮಾಡ್ಬುಟ್ರಿ!” ಸಂಘಟಕರು ಕಿರುಚುತ್ತಾ ಬಂದರು. ಫೋನಿನಲ್ಲಿದ್ದ ಮರ್ಯಾದೆ ಎಲ್ಲಿ ಹೋಗಿತ್ತೋ. “ಗೆಸ್ಟು ಇಲವಾಲ ದಾಟಿದ್ದಾರೆ ಕಣ್ರೀ! ಅವ್ರಿಗೆ ಏನ್ ತೋರ್ಸ್ಲಿ ಈಗ?”

ನಾದಿನಿ ಸತ್ತ ಒಂದು ಗೆಂಡೆಯನ್ನು ಎತ್ತಿ ಅವರ ಮುಖದ ಮುಂದೆ ಹಿಡಿದಳು. ಬೆರಳ ಸಂದಿನಿಂದ ಮೊಟ್ಟೆ ಇಳಿಯುತ್ತಿತ್ತು. “ಇದನ್ನ ತೋರ್ಸಿ. ಉಳಿಸಿರಿ ಅಂತ ಬರ್ದಿದ್ದೀರಲ್ಲ, ಆ ಬ್ಯಾನರ್ ಕೆಳಗೆ ನಿಂತ್ಕೊಂಡು ತೋರ್ಸಿ. ಬಲೆ ಹಾಕೋರು ತಿನ್ನಕ್ಕೆ, ಮಾರಕ್ಕೆ ಹಿಡೀತಾರೆ. ನಿಮ್ಗೇನ್ರೀ ಬಂದಿತ್ತು?”

ಅವರು ಗೇಟಿನ ಕಾವಲಿನವನನ್ನು ಕೂಗಿ ಕರೆದರು. ಆಮೇಲೆ ಬಂದ ಅತಿಥಿಗಳು ಖಾಲಿ ರಾಡು ಹಿಡಿದು ಫೋಟೋ ತೆಗೆಸಿಕೊಂಡರಂತೆ. ನಮ್ಮನ್ನು ಅಷ್ಟರೊಳಗೆ ಗೇಟಿನ ಹೊರಗೆ ಕಳಿಸಿಯಾಗಿತ್ತು. ಒದ್ದೆ ಬಟ್ಟೆಯಲ್ಲೇ ಸ್ಕೂಟರ್ ಓಡಿಸಿಕೊಂಡು ಮನೆಗೆ ಬಂದೆವು.

ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೋ ಊರೆಲ್ಲ ಹರಿದಾಡಿತು. ಕಾರ್ಖಾನೆಯ ಬಸ್ಸಿನಲ್ಲಿ “ಡ್ರಮ್ ಆಂಟಿ” ಎಂದು ಹಿಂದಿನ ಸೀಟಿನವರು ಪಿಸುಗುಟ್ಟುವುದು ಕೇಳುತ್ತಿತ್ತು. ಮನೆಯಲ್ಲಿ ನನ್ನ ಗಂಡ, “ನೀವೂ ಕೊಕ್ಕೆ ಚುಚ್ಚೋರೇ ತಾನೆ? ಅವ್ರಿಗೂ ನಿಮ್ಗೂ ಏನ್ ವ್ಯತ್ಯಾಸ?” ಅಂದರು. ಕೆಣಕಲು ಹೇಳಿದ್ದಲ್ಲ, ನಿಜವಾಗಿಯೇ ಕೇಳಿದ್ದು. ಹೌದು, ನಮ್ಮ ಸಂತೋಷಕ್ಕೆ ಒಂದು ಜೀವಕ್ಕೆ ನೋವು ಕೊಡುತ್ತೇವೆ. ಅದಕ್ಕೆ ಚೆಂದದ ಸಮಜಾಯಿಷಿ ನನ್ನಲ್ಲಿಲ್ಲ. ಆದರೆ ಆ ನೋವನ್ನು ಆದಷ್ಟು ಸಣ್ಣದು ಮಾಡುವ ಹೊಣೆಯಾದರೂ ನಮ್ಮದಲ್ಲವೆ? ಕೊಲ್ಲುವುದನ್ನು ಉಳಿಸುವುದು ಎಂದು ಬೋರ್ಡು ಹಾಕುವುದನ್ನು ನಾನು ಹೇಗೆ ಸಹಿಸಲಿ? ಹಾಗೆಂದೆ. ಅವರು, “ಮಳೆಗಾಲದಲ್ಲಿ ನೀವೂ ಹೋಗ್ಬೇಡಿ ಹಂಗಾದ್ರೆ” ಅಂದರು. ಅದು ಸರಿಯಾದ ಮಾತು. ಅಂದಿನಿಂದ ಮಳೆ ಹಿಡಿದರೆ ನಾವು ಕೋಲು ಮುಟ್ಟುವುದಿಲ್ಲ, ಜಿಲೇಬಿಗೂ ಕೂಡ.

ಆ ವಿಡಿಯೋದಿಂದ ಒಂದು ಒಳ್ಳೆಯದೂ ಆಯಿತು. ಗಾಳ ಹಾಕುವವರಲ್ಲೇ ಹಲವರು ಆ ಸ್ಪರ್ಧೆಗೆ ಇನ್ನು ಹೋಗುವುದಿಲ್ಲ ಎಂದು ಹೇಳಿಬಿಟ್ಟರು. ಮುಂದಿನ ವರ್ಷ ಸ್ಪರ್ಧೆ ಚಳಿಗಾಲಕ್ಕೆ ಹೋಯಿತು. ಡ್ರಮ್ಮು ಹೋಯಿತು. ಮೀನನ್ನು ನೀರಿನಲ್ಲೇ ಅಳೆಯುವುದು ಎಂಬ ನಿಯಮವೂ ಬಂತಂತೆ. ಎಲ್ಲ ತಮ್ಮದೇ ಯೋಚನೆ ಎಂಬಂತೆ ಸಂಘಟಕರು ಭಾಷಣ ಮಾಡಿದರಂತೆ. ಮಾಡಿಕೊಳ್ಳಲಿ.

ಆದರೆ ಆ ಚಳಿಗಾಲದ ಸ್ಪರ್ಧೆಗೆ ಮುಂಚೆ ಸಂಘಟಕರು ನಾದಿನಿಯ ಅಂಗಡಿಗೆ ಫೋನ್ ಮಾಡಿದ್ದರು. ನಾನು ಅಲ್ಲೇ ಕೂತಿದ್ದೆ. ಅವಳು ಸ್ಪೀಕರ್ ಹಾಕಿದಳು. ನಮ್ಮಿಬ್ಬರಿಗೂ ವೇದಿಕೆಯಲ್ಲಿ ಶಾಲು ಹೊದಿಸಿ ಸನ್ಮಾನ ಮಾಡುತ್ತಾರಂತೆ, ಮೀನು ಸಂರಕ್ಷಣೆಗೆ ದುಡಿದ ಮಹಿಳೆಯರು ಎಂದು.

“ಆವತ್ತು ಸತ್ತವಲ್ಲ ಸಾರ್, ಅದರ ಬಗ್ಗೆ ವೇದಿಕೆ ಮೇಲೆ ಒಂದ್ಮಾತು ಹೇಳ್ತೀರಾ?” ಎಂದು ಅವಳು ಕೇಳಿದಳು.

“ಹಳೇದೆಲ್ಲ ಯಾಕಮ್ಮ ಈಗ? ಪಾಸಿಟಿವ್ ಆಗಿ ಹೋಗಣ.”

“ಅಂಗಾದ್ರೆ ನಾವು ಬರಲ್ಲ” ಎಂದು ಫೋನ್ ಇಟ್ಟಳು. ಕತ್ತರಿ ಎತ್ತಿಕೊಂಡು ಮುಂದಿದ್ದ ಬಟ್ಟೆಯನ್ನು ಕತ್ತರಿಸತೊಡಗಿದವಳು ಅರ್ಧಕ್ಕೇ ನಿಲ್ಲಿಸಿದಳು. ಗೆರೆ ಬಿಟ್ಟು ಸೊಟ್ಟಗೆ ಕತ್ತರಿಸಿಬಿಟ್ಟಿದ್ದಳು. “ಥೂ ಇವ್ರ” ಅಂದಳು. ನಾನು ಎದ್ದು ಹೋಗಿ ಇಬ್ಬರಿಗೂ ಟೀ ತಂದೆ. ಅದನ್ನು ಕುಡಿಯುವಾಗಲೂ ನಮ್ಮಿಬ್ಬರ ಸಿಟ್ಟು ಇಳಿದಿರಲಿಲ್ಲ. ಇಳಿಯಬೇಕೆಂದು ನನಗೆ ಈಗಲೂ ಅನ್ನಿಸಿಲ್ಲ.